ಒಂಬತ್ತನೆಯ ಡಬ್ಬಿ

ಸಿನೆಮಾ ಆಪರೇಟರನ ಮಗಳು ಎಂದರೆ ದಿನಾ ಪುಕ್ಕಟೆ ಸಿನೆಮಾ ನೋಡುವವಳು ಎಂದುಕೊಂಡು ಸಾಲಿಯ ಗೆಳತಿಯರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅವರಿಗೇನು ಗೊತ್ತು ನಮ್ಮಪ್ಪನ ಕಥೆ. ಶಿಗ್ಗಾಂವಿಯ ತಗಡಿನ ಟಾಕೀಜಿನಲ್ಲಿ ಅವನು ಹದಿನಾಲ್ಕು ವರ್ಷ ಮಷೀನು ನಡೆಸಿದ. ಆ ಹದಿನಾಲ್ಕು ವರ್ಷದಲ್ಲಿ ನಾನು ನೋಡಿದ ಸಿನೆಮಾ ಬೆರಳೆಣಿಕೆಯಷ್ಟು. ಅವೂ ಹೆಚ್ಚಾಗಿ ದೇವರ ಸಿನೆಮಾ, ಅವಕ್ಕೂ ಚೀಟಿ ತೆಗೆಸಿಯೇ ಒಳಗೆ ಬಿಡುತ್ತಿದ್ದ. ಮಾಲಕರ ಉಪ್ಪು ತಿಂದು ಮಾಲಕರಿಗೆ ಎರಡು ಬಗೆಯಬಾರದು ಎಂಬ ಜಾತಿಯ ಮನುಷ್ಯ. ಕಥೆ ಹೇಳು ಎಂದು ಕಾಡಿದರೆ ಹೇಳುತ್ತಿದ್ದ, ಆದರೆ ಹೆಸರು ತೋರಿಸುವಲ್ಲಿಂದ ಶುರು ಮಾಡಿ ಒಂದು ಸೀನು ಬಿಡದೆ ಹೇಳುತ್ತಿದ್ದ. ಮುಂದೇನಾಯಿತು ಎಂದು ನಡುವೆ ಕೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಯಾವುದೂ ತನ್ನ ಸರದಿ ಬಂದಾಗಲೇ ಬರಬೇಕು.

ಇಂಥ ಮನುಷ್ಯನ ಕೈಯಿಂದಲೇ ಆ ತಪ್ಪಾಯಿತು. ನನಗೆ ಈಗಲೂ ಅದನ್ನು ನೆನೆದರೆ ನಗು ಬರುತ್ತದೆ, ಜೊತೆಗೆ ಅತ್ತಿಯ ನೆನಪೂ ಬರುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ ಅದು. ನಾನು ಎಂಟನೆಯ ಇಯತ್ತೆಯ ಪರೀಕ್ಷೆ ಬರೆದು ಕೂತಿದ್ದೆ. ಒಂದು ಮಧ್ಯಾಹ್ನ ಅಪ್ಪನ ತಂಗಿ, ನಮ್ಮ ಅತ್ತಿ, ಹಿರೇಕೆರೂರಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಚೀಲ ಇರಲಿಲ್ಲ. ಬಲಗೈಯ ಮಣಿಕಟ್ಟು ಬಾತು ನೀಲಿಗಟ್ಟಿತ್ತು. ಬಳೆ ಒಡೆದ ಕಡೆ ಗೀರುಗಳಿದ್ದವು. ಅವ್ವ ಅರಿಷಿಣ ಸುಣ್ಣ ಕಲಸಿ ತಂದು ಹಚ್ಚಿದಳು. ಅತ್ತಿ ಹೀಗೆ ಬಂದದ್ದು ಅದು ಮೂರನೆಯ ಸಲ.

ಅತ್ತಿಯ ಗಂಟಲಿನ ಬಗ್ಗೆ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಅಪ್ಪನ ಊರು ದುಂಡಸಿ. ಅಲ್ಲಿ ನಮ್ಮಜ್ಜನ ಪಡಸಾಲೆಯಲ್ಲಿ ಪ್ರತಿ ವರ್ಷ ಊರ ನಾಟಕದ ತಾಲೀಮು ನಡೆಯುತ್ತಿತ್ತು. ಮನೆಯ ಹೆಣ್ಣುಮಕ್ಕಳು ಹೊರಗೆ ಬರುವಂತಿಲ್ಲ. ಅತ್ತಿ ಒಳಕೋಣೆಯಲ್ಲಿ ಕಾಳು ಹಸನು ಮಾಡುತ್ತ ಎಲ್ಲ ಪಾತ್ರಗಳ ಹಾಡು ಬಾಯಿಪಾಠ ಮಾಡಿದಳು. ಪಾತ್ರಧಾರಿ ಚರಣ ಮರೆತು ತಡವರಿಸಿದರೆ ಒಳಗಿನಿಂದ ಅತ್ತಿಯ ದನಿ ಬರುತ್ತಿತ್ತಂತೆ. ನಾಟಕ ಕಲಿಸುವ ಮಾಸ್ತರು, "ಒಳಗಿನ ಪಾರ್ಟಿ ಹೊರಗ ಬಂದಿದ್ರ ನನ್ನ ಕೆಲಸಾ ಅರ್ಧಾ ಆಗ್ತಿತ್ತು" ಎಂದು ಹೇಳುತ್ತಿದ್ದರಂತೆ. ಅಜ್ಜ ನಕ್ಕುಬಿಡುತ್ತಿದ್ದ. ಹದಿನಾರು ತುಂಬುತ್ತಲೇ ಹಿರೇಕೆರೂರಿಗೆ ಕೊಟ್ಟು ಕೈ ತೊಳೆದುಕೊಂಡ.

ಅಲ್ಲಿ ಗಂಡ ಹಾಡು ಬಿಡಿಸಿದ. ಒಲೆಯ ಮುಂದೆ ಗುನುಗಿದರೂ ಹೊಡೆತ. ಈ ಸಲ ನಡೆದದ್ದು ಇಷ್ಟೇ. ಓಣಿಯಲ್ಲಿ ಯಾರದೋ ಬಸುರಿ ಮಗಳ ಕುಬಸ, ಹೆಂಗಸರು ಒತ್ತಾಯ ಮಾಡಿ ಅತ್ತಿಯಿಂದ ಹಾಡಿಸಿದ್ದಾರೆ. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಮಂದಿ ನಿಂತು ಕೇಳಿದ್ದಾರೆ. ಸಂಜೆ ಅವರಲ್ಲೊಬ್ಬ ಗಂಡನನ್ನು ಕಂಡು, ನಿನ್ನ ಹೆಂಡತಿಯದು ಏನು ಕಂಠ ಮಾರಾಯ ಎಂದು ಹೊಗಳಿದ್ದಾನೆ. ಹೊಗಳಿಕೆಗೆ ಬಿದ್ದ ಏಟು ಆ ಮಣಿಕಟ್ಟಿನ ಮೇಲಿನದು, ಒಲೆಯ ಕಟ್ಟಿಗೆಯಿಂದ.

ಹಿಂದಿನ ಎರಡು ಸಲವೂ ದುಂಡಸಿಯ ಹಿರಿಯರು ಸೇರಿ ಗಂಡನಿಗೆ ಬುದ್ಧಿ ಹೇಳಿ ಅತ್ತಿಯ ಸೆರಗಿನಲ್ಲಿ ಅಕ್ಕಿ ಹಾಕಿಸಿ ಉಡಿ ತುಂಬಿಸಿ ಕಳಿಸಿದ್ದರು. ಈ ಸಲವೂ ಅದೇ ಮಾತಾಯಿತು. ಅಮಾವಾಸ್ಯೆ ಮುಗಿದ ಮೇಲೆ ಹಿರೇಕೆರೂರಿನವರು ಬರುತ್ತಾರೆ, ತಪ್ಪಾಯಿತು ಎನ್ನುತ್ತಾರೆ, ಕರೆದುಕೊಂಡು ಹೋಗುತ್ತಾರೆ. ಅಪ್ಪ ಇದಕ್ಕೆ ಒಪ್ಪಿದ್ದ. ಅವನು ಕೆಟ್ಟವನಲ್ಲ. ಹೆಣ್ಣುಮಗಳ ಬಾಳೇವು ಗಂಡನ ಮನೆಯಲ್ಲೇ ಕೊನೆಮುಟ್ಟಬೇಕು, ಅದೇ ಅದರ ಸರದಿ ಎಂದು ನಂಬಿದವ. ನಾನೂ ಅಷ್ಟೇನು ಒಳ್ಳೆಯವಳಾಗಿರಲಿಲ್ಲ. ಅತ್ತಿ ಬಂದಾಗಿನಿಂದ ನನ್ನ ಕೌದಿಯಲ್ಲಿ ಇಬ್ಬರಾಗಿದ್ದೆವು. ಬಾವಿಯ ಹತ್ತಿರ ಗೆಳತಿಯರು, ನಿಮ್ಮತ್ತಿ ಗಂಡನ ಬಿಟ್ಟು ಬಂದಾಳಂತಲ್ಲ ಎಂದು ಕೇಳಿದಾಗ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. "ಅತ್ತಿ ಯಾವಾಗ ಹೋಗ್ತಾಳವ್ವಾ?" ಎಂದು ಒಂದು ದಿನ ಅವ್ವನನ್ನು ಕೇಳಿಯೂ ಬಿಟ್ಟೆ. ಅವ್ವ ತೊಡೆ ಚಿವುಟಿದ ಗುರುತು ವಾರವಿಡೀ ಇತ್ತು.

ಅದೇ ಹೊತ್ತಿಗೆ ಟಾಕೀಜಿಗೆ ಒಂದು ಹೊಸ ಸಿನೆಮಾ ಬಂತು. ಹಿಂದೊಮ್ಮೆ ನಾಟಕ ಕಂಪನಿಗಳಲ್ಲಿ ಹೆಸರು ಮಾಡಿದ್ದ ಗಾಯಕಿಯೊಬ್ಬಳ ನಿಜ ಜೀವನದ ಕಥೆ ಅದು. ಗಂಡ ಬಡಿಯುತ್ತಾನೆ, ಹಾಡಬೇಡ ಎನ್ನುತ್ತಾನೆ, ಅವಳು ಮನೆ ಬಿಟ್ಟು ಹೋಗಿ ಕಂಪನಿ ಸೇರಿ ದೊಡ್ಡ ಗಾಯಕಿಯಾಗುತ್ತಾಳೆ. ಊಟಕ್ಕೆ ಬಂದಾಗ ಅಪ್ಪ ತಾನಾಗಿಯೇ, "ಸಂತಿ ದಿನಾ ಮೂರರ ಆಟಕ್ಕ ಮೂರೂ ಮಂದಿ ಬರ್ರಿ. ತಂಗಿನ್ನ ಕರ್ಕೊಂಡ ಬಾ" ಎಂದು ಅವ್ವನಿಗೆ ಹೇಳಿದ. ನಮಗೆ ಆಶ್ಚರ್ಯ. ಚೀಟಿಯನ್ನೂ ತಾನೇ ತೆಗೆಸಿ ತಂದಿದ್ದ. ಅವನ ಲೆಕ್ಕಾಚಾರ ನನಗೆ ಆಮೇಲೆ ತಿಳಿಯಿತು. ಆ ಸಿನೆಮಾದ ಕೊನೆಯ ರೀಲಿನಲ್ಲಿ ಗಂಡ ಮುಪ್ಪಾಗಿ ಕಾಯಿಲೆ ಬಿದ್ದಿರುತ್ತಾನೆ, ಕಣ್ಣೀರು ಹಾಕಿ ಕೈ ಮುಗಿಯುತ್ತಾನೆ. ಗಾಯಕಿ ತಂಬೂರಿಯನ್ನು ಗೋಡೆಗೆ ಆನಿಸಿಟ್ಟು ಅವನ ಕಾಲಿಗೆ ಬಿದ್ದು ದೇವರ ಮುಂದೆ ದೀಪ ಹಚ್ಚುತ್ತಾಳೆ. ಶುಭಂ. ಅದನ್ನು ನೋಡಿದರೆ ತಂಗಿಯ ಮನಸ್ಸು ತಾನೇ ಮೆತ್ತಗಾದೀತು ಎಂದು ಅಪ್ಪ ಅಂದುಕೊಂಡಿದ್ದ.

ಆಗ ಎರಡು ಊರಿಗೆ ಒಂದೇ ಪ್ರಿಂಟು ಬರುವುದು ಸಾಮಾನ್ಯವಾಗಿತ್ತು. ಆ ಸಿನೆಮಾ ಸವಣೂರಿನಲ್ಲೂ ನಡೆಯುತ್ತಿತ್ತು. ಅಲ್ಲಿ ಆಟ ಮುಗಿದ ಮೇಲೆ ರೀಲುಗಳನ್ನೆಲ್ಲ ಡಬ್ಬಿಗಳಲ್ಲಿ ಹಾಕಿ ಬಸ್ಸಿಗೆ ಇಟ್ಟು ನಮ್ಮ ಕಡೆ ಕಳಿಸುತ್ತಿದ್ದರು. ಡಬ್ಬಿಯ ಮೇಲೆ ಸುಣ್ಣದಲ್ಲಿ ಬರೆದ ನಂಬರು. ಅಪ್ಪ ಆ ನಂಬರನ್ನು ಎಂದೂ ನಂಬುತ್ತಿರಲಿಲ್ಲ. ಪ್ರತಿ ರೀಲಿನ ತುದಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿಯೇ ಮಷೀನಿಗೆ ಏರಿಸುತ್ತಿದ್ದ. ಆ ಸಂತೆಯ ದಿನ ಬಸ್ಸು ತಡವಾಯಿತು. ಜನ ಸೀಟಿ ಹೊಡೆಯತೊಡಗಿದರು, ಮಾಲಕರು ಎರಡು ಸಲ ಮೆಟ್ಟಿಲು ಹತ್ತಿ ಬಂದು ಬೈದರು. ಅಪ್ಪ ಅವತ್ತು ಡಬ್ಬಿಯ ನಂಬರು ನಂಬಿದ.

ನಾವು ಹೆಂಗಸರ ಕಡೆ ನೆಲದ ಮೇಲೆ ಕೂತಿದ್ದೆವು. ಸುತ್ತ ಸಂತೆಗೆ ಬಂದ ಹಿರೇಬೆಂಡಿಗೇರಿಯ ಹೆಂಗಸರು, ಪಕ್ಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಚೀಲ. ಒಂದೇ ಮಷೀನು ಇದ್ದುದರಿಂದ ಪ್ರತಿ ರೀಲು ಮುಗಿದಾಗ ದೀಪ ಹತ್ತುತ್ತಿತ್ತು, ಆ ಎರಡು ನಿಮಿಷ ಎಲ್ಲರ ಬಾಯಿಗೂ ಕೆಲಸ. ಎಂಟನೆಯ ರೀಲು ಗಂಡ ಅವಳನ್ನು ಕೂದಲು ಹಿಡಿದು ದಬ್ಬುವಲ್ಲಿಗೆ ನಿಂತಿತು. ಅತ್ತಿ ಪರದೆಯನ್ನು ಬಿಟ್ಟು ತನ್ನ ಬೆರಳು ನೋಡಿಕೊಳ್ಳುತ್ತ ಕೂತಿದ್ದಳು.

ಒಂಬತ್ತನೆಯ ಡಬ್ಬಿಯಲ್ಲಿ ಸವಣೂರಿನವರು ಕೊನೆಯ ರೀಲು ತುರುಕಿದ್ದರು.

ಪರದೆಯ ಮೇಲೆ ಏಕಾಏಕಿ ಗಂಡನ ಕೂದಲು ಬೆಳ್ಳಗಾಯಿತು. ಅವನು ಅತ್ತ. ಅವಳು ಬಂದು ಕಾಲಿಗೆ ಬಿದ್ದಳು. ತಂಬೂರಿ ಗೋಡೆಗೆ ಆನಿತು, ದೀಪ ಹತ್ತಿತು, ಶುಭಂ ಎಂದು ಅಕ್ಷರ ಬಂತು. ಇಷ್ಟು ಬೇಗ ಮುಗಿಯಿತಲ್ಲ ಎಂದು ಹೆಂಗಸರು ಚೀಲ ಎತ್ತಿಕೊಂಡು ಎದ್ದರು. ಆಗ ಮಷೀನ್ ಕೋಣೆಯ ಕಿಂಡಿಯಿಂದ ಅಪ್ಪನ ಮುಖ ಹೊರಬಂತು. ಬೆವರಿಳಿಯುತ್ತಿತ್ತು. "ಕುಂದರ್ರಿ, ಕುಂದರ್ರಿ, ಇನ್ನೂ ಐತಿ" ಎಂದ.

ಎಲ್ಲರೂ ಮತ್ತೆ ಕೂತರು. ಹತ್ತನೆಯ ರೀಲು ಶುರುವಾದದ್ದೇ ಗಂಡ ತಂಬೂರಿಯನ್ನು ನೆಲಕ್ಕೆ ಬಡಿದು ಮುರಿಯುವುದರಿಂದ. ಕೂದಲು ಮತ್ತೆ ಕರ್ರಗೆ.

"ಏನ ಬೇ, ಆಗಳೆ ಕೂದಲಾ ಬೆಳ್ಳಗಿದ್ದುವು, ಈಗ ಕರ್ರಗಾಗ್ಯಾವಲ್ಲ?" ಎಂದಳು ನಮ್ಮ ಮುಂದಿದ್ದ ಒಬ್ಬಾಕೆ.

"ಬಣ್ಣಾ ಹಚಗೊಂಡಾನ ತಗೋ" ಎಂದಳು ಅವಳ ಜೊತೆಯ ಮುದುಕಿ. "ಹೆಂಡ್ತಿ ತಿರುಗಿ ಬಂದ್ಲಲ್ಲ, ಮುದುಕಗ ಹರೇ ಬಂದೈತಿ."

ಸುತ್ತಲಿದ್ದವರು ನಕ್ಕರು. ಆದರೆ ಯಾರಿಗೂ ಕಥೆ ತಪ್ಪಿದೆ ಅನಿಸಲಿಲ್ಲ. ಅದೇ ನನಗೆ ಇವತ್ತಿಗೂ ಸೋಜಿಗ. ಗಂಡ ಕಣ್ಣೀರು ಹಾಕಿದ, ಹೆಂಡತಿ ನಂಬಿ ಹೋದಳು, ಊರವರು ಶುಭಂ ಅಂದರು, ಮರುದಿನದಿಂದ ಮತ್ತೆ ಬಡಿತ. ಅವರಿಗೆ ಇದರಲ್ಲಿ ತಿಳಿಯದಂಥದ್ದು ಏನೂ ಇರಲಿಲ್ಲ. "ಅತ್ತಾಗನ ನನಗ ಗೊತ್ತಾಗಿತ್ತವಾ, ಇಂವಾ ಮತ್ತ ಬಡೀತಾನಂತ" ಎಂದು ಮುದುಕಿ ಎಲೆ ಅಡಿಕೆ ಮಡಿಚಿ ಬಾಯಿಗೆ ಇಟ್ಟುಕೊಂಡಳು. ಅತ್ತಿ ನನ್ನ ಮೊಣಕಾಲು ಹಿಡಿದಿದ್ದಳು. ಗಾಯಕಿ ಕೂಸನ್ನು ಎತ್ತಿಕೊಂಡು ನಸುಕಿನಲ್ಲಿ ಮನೆ ಬಿಟ್ಟು ನಡೆಯುವಾಗ ಆ ಹಿಡಿತ ಎಷ್ಟು ಬಿಗಿಯಾಯಿತೆಂದರೆ ನನಗೆ ನೋವಾಯಿತು. ಆದರೂ ನಾನು ಕಾಲು ಎಳೆದುಕೊಳ್ಳಲಿಲ್ಲ. ಅತ್ತಿಯ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ. ದಾರಿ ಕೇಳಿಸಿಕೊಳ್ಳುವವರ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅವ್ವನ ಹತ್ತಿರ ನಾನು ಕೇಳಿದ ಪ್ರಶ್ನೆ ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹದಿಮೂರನೆಯ ರೀಲಿನಲ್ಲಿ ಗಾಯಕಿ ರಂಗದ ಮೇಲೆ ಹಾಡಿದಳು, ಜನ ಚಪ್ಪಾಳೆ ತಟ್ಟಿದರು. ಅಪ್ಪ ಅಲ್ಲಿಗೆ ದೀಪ ಹಾಕಿದ. ಉಳಿದ ಡಬ್ಬಿಯಲ್ಲಿದ್ದದ್ದು ನಿಜವಾದ ಒಂಬತ್ತನೆಯ ರೀಲು, ಅದರಲ್ಲಿ ಒಂದು ಹಾಸ್ಯದ ಸೀನು, ಒಂದು ಹಬ್ಬದ ಹಾಡು ಇದ್ದವಂತೆ, ಏರಿಸಲಿಲ್ಲ. ಸಂತೆಯ ನಡುವೆ ಹಾದು ಮನೆಗೆ ಬರುವಾಗ ಅತ್ತಿ ಆ ಕೊನೆಯ ಹಾಡನ್ನು ಗುನುಗುತ್ತಿದ್ದಳು. ಎರಡನೆಯ ಚರಣ ಆಗಲೇ ಅವಳಿಗೆ ಬಂದಿತ್ತು.

ಸಂಜೆಯ ಆಟಕ್ಕೆ ಮೊದಲು ಅಪ್ಪ ಉಣ್ಣಲು ಬಂದ. ಮಾಲಕರಿಂದ ಮಂಗಳಾರತಿ ಆಗಿತ್ತು. ಅದಕ್ಕಿಂತ ದೊಡ್ಡ ಸಂಕಟ ಅವನಿಗೆ ಬೇರೆಯದಿತ್ತು. ರೊಟ್ಟಿ ಮುರಿಯುವ ಮೊದಲೇ ಶುರು ಮಾಡಿದ.

"ರೀಲ ಅದಲಾಬದಲಿ ಆಗಿದ್ದುವು. ನೀವು ನೋಡಿದ್ದು ಖರೇ ಕಥಿ ಅಲ್ಲ. ಖರೇ ಕಥ್ಯಾಗ ಆಕಿ ಕಡೀಕ ಗಂಡನ ಮನಿಗೆ ಹೋಗ್ತಾಳ."

"ಕಡೀಕ ಹೋದ್ರೂ ಅಷ್ಟ, ನಡಕ ಹೋದ್ರೂ ಅಷ್ಟ" ಎಂದಳು ಅತ್ತಿ. "ಹೋದ ಮ್ಯಾಲೆ ಏನಾಗತೈತಿ ಅನ್ನೂದು ನನಗ ಗೊತ್ತೈತಿ ಅಣ್ಣಾ."

"ಅಂವಾ ಬದಲಾಗಿರ್ತಾನವಾ. ಅಳ್ತಾನ."

"ಅಳೂದನ್ನ ನಾನೂ ನೋಡೇನಿ, ಎರಡ ಸಲ." ಅವಳು ಪಲ್ಯ ಬಡಿಸುತ್ತ ಕೇಳಿದಳು: "ಆಕಿ ಖರೇನ ಇದ್ದಾಕಿ ಅಂತೀಯಲ್ಲ. ಸಿನೆಮಾದಾಗ ಬಿಡು. ಖರೇನ ತಿರುಗಿ ಹೋದ್ಲೇನು?"

ಗೊತ್ತಿಲ್ಲದ್ದನ್ನು ಗೊತ್ತು ಎನ್ನುವ ಚಾಳಿ ಅಪ್ಪನಿಗಿರಲಿಲ್ಲ. ಉಂಡು ಎದ್ದು ಹೋದ.

ಆ ರವಿವಾರ ಬೆಳಿಗ್ಗೆ ಅವ್ವ ಅಪ್ಪನನ್ನು ಸವಣೂರಿಗೆ ಅಟ್ಟಿದಳು, ಉಡಿಗೆ ಒಳ್ಳೆಯ ವೀಳ್ಯದೆಲೆ ತರಲು. ನನಗೆ ರಜೆ, ನಾನೂ ಬೆನ್ನು ಹತ್ತಿದೆ. ಎಲೆ ಕೊಂಡು ಒದ್ದೆ ಅರಿವೆಯಲ್ಲಿ ಸುತ್ತಿಸಿ ಅಪ್ಪ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಸಂದಿಯೊಳಗಿನ ಒಂದು ಮನೆಗೆ ಕರೆದುಕೊಂಡು ಹೋದ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಪೇಟಿ ಮಾಸ್ತರರಿದ್ದರು. ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ಬಾರಿಸಿ, ಈಗ ಮನೆಯಲ್ಲೇ ಪೇಟಿ ರಿಪೇರಿ ಮಾಡಿಕೊಂಡು ಇದ್ದವರು. ಊರಿಗೆಲ್ಲ ಅವರು ಚಾಚಾ. ಅಪ್ಪ ಸಿನೆಮಾದ ಹೆಸರು ಹೇಳಿದ ಕೂಡಲೇ ಕೈಯಲ್ಲಿದ್ದ ಸ್ವರದ ಪಟ್ಟಿ ಕೆಳಗಿಟ್ಟರು.

"ಆ ಹಾಡೂ ಬಾಯಾರಿಗೆ ಮೂರು ವರ್ಷ ಪೇಟಿ ಸಾಥ್ ಮಾಡೇನಿ" ಎಂದರು. "ಗಂಡ ಬರ್ತಿದ್ದ. ಕ್ಯಾಂಪ್ ಎಲ್ಲೇ ಇರಲಿ, ಹುಡಿಕ್ಕೊಂಡ ಬರ್ತಿದ್ದ. ಗೇಟಿನ ಮುಂದ ಕುಂತು ಅಳ್ತಿದ್ದ. ಬಾಯಾರು ಅಂವಗ ಚಾ ಕಳಿಸಿ ಬಣ್ಣಾ ಹಚ್ಚಿಕೊಳ್ಳಾಕ ಕುಂದರ್ತಿದ್ರು."

"ಕಡೀಕ ಅಂವನ ಮನಿಗೆ ಹೋದ್ರೇನ್ರಿ ಚಾಚಾ?"

"ಮುಂದಿಂದು ನಂಗ ಗೊತ್ತಿಲ್ಲಪಾ. ನಾ ಕಂಪನಿ ಬಿಟ್ಟೆ. ಸುಳ್ಳ ಯಾಕ ಹೇಳ್ಲಿ." ಅವರು ತಮ್ಮ ಬೆರಳು ನೋಡಿಕೊಂಡರು. "ಒಂದ ಮಾತ್ರ ಹೇಳ್ತೇನಿ. ಗಂಡ ಬಂದ ದಿನಾ ಬಾಯಾರು ಪೇಟಿ ಒಂದ ಮನಿ ಏರಸ್ರಿ, ಶ್ರುತಿ ಮ್ಯಾಲೆ ಇರಲಿ ಅಂತಿದ್ರು. ದಿನಾ ಹಾಡೂ ಹಾಡನ್ನ ಅವತ್ತ ಒಂದ ಮನಿ ಮ್ಯಾಲೆ ಹಾಡ್ತಿದ್ರು. ಗೇಟಿನ ತನಕಾ ಕೇಳಲಿ ಅಂತಿತ್ತೋ ಏನೋ. ಆಮ್ಯಾಲೆ ಆಮ್ಯಾಲೆ ಅವರ ಮಾರಿ ನೋಡಿ ನಾನ ಏರಸ್ತಿದ್ದೆ, ಕೇಳ್ತಿದ್ದಿಲ್ಲ."

ಬಸ್ಸಿನಲ್ಲಿ ಅಪ್ಪ ಎಲೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತ. ಚಾಚಾನ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವ ವಯಸ್ಸಲ್ಲ ಅದು. ಹಿತ್ತಲಲ್ಲಿ ಅತ್ತಿ ಬಟ್ಟೆ ಒಣಹಾಕುತ್ತಿದ್ದಾಗ ಚಾ, ಗೇಟು, ಒಂದು ಮನೆ ಏರಿಸಿದ ಪೇಟಿ ಎಲ್ಲ ಹೇಳಿಬಿಟ್ಟೆ. ಅತ್ತಿ ಪೂರ್ತಿ ಕೇಳಿ, "ಚಾಕ್ಕ ಸಕ್ಕರಿ ಹಾಕಿಸ್ತಿದ್ಲೇನು?" ಎಂದಳು. ಆಮೇಲೆ ನಕ್ಕಳು. ಅತ್ತಿಯ ನಗು ಹೀಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಎಂಬತ್ತರ ದಶಕದಲ್ಲಿ ಅತ್ತಿಯನ್ನು ಕಂಡವರಿಗೆ ಈ ಅಂಜುಬುರುಕಿ ಹೆಂಗಸು ಗೊತ್ತಿಲ್ಲ. ಆಗ ಅವಳು ಊರ ನಾಟಕಗಳಿಗೆ ಪೇಟಿಯ ಪಕ್ಕ ಕೂತು ಹಾಡುತ್ತಿದ್ದಳು. ಬಾಡಿಗೆಗೆ ತಂದ ನಟಿಗೆ ಹಾಡಲು ಬರದಿದ್ದರೆ ಅವಳು ಬಾಯಿ ಆಡಿಸುವುದು, ಇವಳು ಹಾಡುವುದು. ಹಾನಗಲ್ಲಿನ ಕಡೆಯಿಂದ, ಆಡೂರಿನಿಂದ ಗಾಡಿ ಕಳಿಸಿ ಕರೆಸುತ್ತಿದ್ದರು. ಆ ಏಟಿಗೆ ಮುರಿದು ಡೊಂಕಾಗಿಯೇ ಕೂಡಿಕೊಂಡಿದ್ದ ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುವುದನ್ನು ನಾನು ಎಷ್ಟೋ ಊರಲ್ಲಿ ನೋಡಿದ್ದೇನೆ. ಆದರೆ ಅದಕ್ಕೆಲ್ಲ ಮೊದಲು ಹಿರೇಕೆರೂರಿನವರು ಬರುವ ದಿನ ಬಂತಲ್ಲ, ಅದನ್ನು ಹೇಳಬೇಕು.

ಅವರು ಬೆಳಗಿನ ಬಸ್ಸಿಗೆ ಬಂದರು. ಗಂಡ, ಅವನ ಕಡೆಯ ಇಬ್ಬರು. ದುಂಡಸಿಯಿಂದ ನಮ್ಮ ಹಿರಿಯರು ಇಬ್ಬರು. ಗಂಡನೆನ್ನುವವ ನೋಡಲು ಸುಂದರ, ಮೆತ್ತಗಿನ ಮಾತು. ನನಗೆ ಪೆಪ್ಪರಮೆಂಟು ತಂದಿದ್ದ. ನಾನು ಈಸಿಕೊಂಡು ಜಂತಿಯ ಮೇಲಿಟ್ಟೆ, ತಿನ್ನಲಿಲ್ಲ. ಅವನು ಎಲ್ಲರ ಮುಂದೆ ಕೈ ಮುಗಿದ. "ತಪ್ಪಾತ್ರಿ. ಇನ್ನೊಮ್ಮಿ ಹಿಂಗಾಗೂದಿಲ್ಲ" ಎಂದ. ಕಣ್ಣು ಒದ್ದೆಯಾದವು. ಹಿರಿಯರಿಗೆ ಅಷ್ಟು ಸಾಕಾಯಿತು. ದೊಡ್ಡ ಹಿರಿಯ, "ಉಡಿ ತುಂಬ್ರವಾ, ಹನ್ನೊಂದರ ಬಸ್ಸ ಐತಿ" ಎಂದ.

ಅವ್ವ ಮಣೆ ಹಾಕಿದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಖಣ, ಸವಣೂರಿನ ಎಲೆ. ಅತ್ತಿ ತಲೆ ಬಾಚಿಕೊಂಡು ಕುಂಕುಮ ಹಚ್ಚಿಕೊಂಡು ಒಳಗಿನಿಂದ ಬಂದು ಮಣೆಯ ಮೇಲೆ ಕೂತಳು. ಹೋಗುತ್ತಾಳೆ ಅಂದುಕೊಂಡೆ. ಪಡಸಾಲೆಯಲ್ಲಿ ಎಲ್ಲರೂ ಸಡಿಲಾದರು, ಒಬ್ಬ ತಂಬಾಕು ತಿಕ್ಕತೊಡಗಿದ.

ಅವ್ವ ಎರಡೂ ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡು ಬಗ್ಗಿದಳು. ಅತ್ತಿ ಸೆರಗು ಒಡ್ಡಬೇಕು, ಒಡ್ಡಲಿಲ್ಲ. ಕೆಲಸಕ್ಕೆ ನಿಂತವರ ಹಾಗೆ ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಎರಡೂ ಕೈ ಮೊಣಕಾಲ ಮೇಲಿದ್ದವು.

"ಸೆರಗ ಒಡ್ಡಬೇ" ಎಂದ ಹಿರಿಯ.

"ಎರಡ ಸಲ ಒಡ್ಡೇನ್ರಿ" ಎಂದಳು ಅತ್ತಿ. "ಈ ಸಲ ಒಡ್ಡೂದಿಲ್ಲ."

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಬೈದು ಹೊರಡಿಸಬಹುದು, ಕೈ ಹಿಡಿದು ಬಸ್ಸಿಗೆ ಹತ್ತಿಸಬಹುದು, ಆದರೆ ಒಡ್ಡದ ಸೆರಗಿನಲ್ಲಿ ಉಡಿ ತುಂಬುವುದು ಹೇಗೆ? ಉಡಿ ಇಲ್ಲದೆ ಮಗಳನ್ನು ಹೊಸ್ತಿಲು ದಾಟಿಸುವುದು ಹೇಗೆ? ಗಂಡನ ಕಣ್ಣು ಅಷ್ಟರಲ್ಲಿ ಆರಿದ್ದವು. ಅವನು ಅತ್ತಿಯನ್ನು ನೋಡಲೇ ಇಲ್ಲ, ಅಪ್ಪನನ್ನು ನೋಡಿದ. "ನೀವು ಹೇಳ್ರಿ" ಎಂದ. ಹಿರಿಯರೂ ಅಪ್ಪನ ಕಡೆ ತಿರುಗಿದರು. ಅವ್ವ ಬಗ್ಗಿಯೇ ಇದ್ದಳು. ಅವಳ ಬೆರಳ ಸಂದಿಯಿಂದ ಅಕ್ಕಿ ಒಂದೊಂದೇ ಕಾಳು ಮಣೆಯ ಮೇಲೆ ಬೀಳುತ್ತಿತ್ತು.

ಅಪ್ಪ ಬಹಳ ಹೊತ್ತು ತಂಗಿಯ ಮಣಿಕಟ್ಟು ನೋಡಿದ.

"ಅಕ್ಕಿ ಒಳಗ ಒಯ್ಯಿ" ಎಂದ ಅವ್ವನಿಗೆ. "ಅನ್ನಕ್ಕ ಇಡು."

"ಉಡಿಗಂತ ತಗದ ಅಕ್ಕಿ ತಿರುಗಿ ಒಳಗ ಒಯ್ಯಬಾರದಪಾ" ಎಂದ ಹಿರಿಯ.

"ಹಂಗಾರ ಎಲ್ಲಾರೂ ಕೂಡಿ ಉಣ್ಣೂಣು. ನೀವೂ ಉಂಡ ಹೋಗ್ರಿ."

ಅವರು ಉಣ್ಣಲಿಲ್ಲ. ಹಿರೇಕೆರೂರಿನವರು ಹನ್ನೊಂದರ ಬಸ್ಸಿಗೆ ಹೋದರು. ನಮ್ಮ ಹಿರಿಯರು ನಮ್ಮ ಮನೆಯ ನೀರನ್ನೂ ಮುಟ್ಟದೆ ಎದ್ದು, ದುಂಡಸಿಯಲ್ಲಿ ನಾಲ್ಕು ವರ್ಷ ಅಪ್ಪನನ್ನು ಮಾತಾಡಿಸಲಿಲ್ಲ. ಅಪ್ಪ ಆ ನೋವನ್ನು ಬಾಯಿ ಬಿಟ್ಟು ಹೇಳಿದವನಲ್ಲ, ಆದರೆ ನನಗೆ ಗೊತ್ತು, ಅದು ಅವನಿಗೆ ಕಡಿಮೆಯದಾಗಿರಲಿಲ್ಲ.

ಅವ್ವ ಆ ಅಕ್ಕಿ ತೊಳೆದು ಒಲೆಗೆ ಇಟ್ಟಳು. ದಿನಾ ರೊಟ್ಟಿ ತಿನ್ನುವ ಮನೆಯಲ್ಲಿ ಬಿಸಿ ಅನ್ನದ ವಾಸನೆ ಬಂತು. ನಾಲ್ವರೂ ಸಾಲಾಗಿ ಕೂತು ಉಂಡೆವು. ಅತ್ತಿ ತಾಟು ಖಾಲಿ ಮಾಡಿ, "ವೈನಿ, ಅನ್ನ ಇನ್ನೂ ಐತೇನ್ರಿ?" ಎಂದು ಕೇಳಿದಳು. ನಮ್ಮನೆಗೆ ಬಂದಾಗಿನಿಂದ ಅವಳು ಯಾವುದನ್ನೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡವಳಲ್ಲ. ಅವ್ವ ಬಡಿಸಲು ಹೋಗಿ, ಕೈ ತಡೆದು, ಪಾತ್ರೆಯನ್ನೇ ಅವಳ ಮುಂದೆ ಸರಿಸಿದಳು.